ಕಟುಕರ ಬೀದಿಯ ಡಾಕ್ಟರು

ಓಟ್ಮಾರ್ ರೀಡೆಲ್‌ಗೆ ತತ್ವಶಾಸ್ತ್ರದ ಮೊದಲ ಪಾಠವಾದದ್ದು ಒಂಬತ್ತನೆಯ ವಯಸ್ಸಿನಲ್ಲಿ, ಹಂದಿಯ ಕತ್ತಿನ ಕೆಳಗೆ ಕೂತು.

ಹಾರ್ಟೆನೌ ಊರಿನ ಕಟುಕರ ಬೀದಿಯಲ್ಲಿ ನವೆಂಬರ್ ಬಂತೆಂದರೆ ಮನೆಮನೆಯ ಹಿತ್ತಲಲ್ಲೂ ಹಂದಿ ಕಿರುಚುತ್ತದೆ. ಅಪ್ಪ ಕಾಸ್ಪರ್ ಕೊಡಲಿಯ ಹಿಂಬದಿಯಿಂದ ಹಣೆಗೊಂದು ಕೊಟ್ಟು, ಹಂದಿ ಕುಸಿಯುತ್ತಿದ್ದಂತೆ ಕತ್ತಿಗೆ ಚೂರಿ ಇಳಿಸುತ್ತಿದ್ದ. ಅಣ್ಣ ಫೈಟ್ ಹಿಂಗಾಲು ಹಿಡಿಯುತ್ತಿದ್ದ. ಓಟ್ಮಾರನ ಕೆಲಸ ಒಂದೇ. ಬೋಗುಣಿ ಒಡ್ಡಿ, ಚಿಮ್ಮುವ ಬಿಸಿ ರಕ್ತದೊಳಗೆ ಮೊಣಕೈವರೆಗೆ ಕೈಯಿಳಿಸಿ, ಕಲಕುತ್ತಲೇ ಇರುವುದು. ಕೈ ನಿಂತರೆ ರಕ್ತ ಹೆಪ್ಪುಗಟ್ಟುತ್ತದೆ, ಕರುಳಿಗೆ ತುಂಬಿ ಮಾಡುವ ರಕ್ತದ ಸಾಸೇಜಿಗೆ ಬರುವುದಿಲ್ಲ.

ಆ ದಿನ ಕೊಡಲಿಯ ಏಟು ಸರಿಯಾಗಿ ಬಿದ್ದಿರಲಿಲ್ಲ. ಕತ್ತು ಸೀಳಿದ ಮೇಲೂ ಹಂದಿಗೆ ಎಚ್ಚರವಿತ್ತು. ಬಿಳಿ ರೆಪ್ಪೆಯ ಆ ಕಣ್ಣು ಮೊದಲು ಬೋಗುಣಿಯನ್ನು ನೋಡಿತು, ಆಮೇಲೆ ಹುಡುಗನನ್ನು ನೋಡಿತು. ಹುಡುಗನ ಕೈ ನಿಂತಿತು.

"ಅಪ್ಪಾ, ಇದಕ್ಕೆ ಗೊತ್ತಾಗ್ತಿದೆ."

"ಕಲಕೋ!"

"ತನ್ನ ರಕ್ತಾನ ತಾನೇ ನೋಡ್ತಿದೆ ಅಪ್ಪಾ. ಯಾಕೆ..."

ಕಬ್ಬಿಣದ ಸೌಟು ಬಾಯಿಗೆ ಬಿತ್ತು. ಮುಂದಿನ ಹಲ್ಲೊಂದು ಹಾರಿ ಬೋಗುಣಿಯೊಳಗೆ ಬಿತ್ತು. ಅಳುತ್ತಲೇ ಕಲಕಿದ. ಆ ಹಲ್ಲು ಯಾರ ತಟ್ಟೆಗೆ ಹೋಯಿತೋ ದೇವರೇ ಬಲ್ಲ.

ಆ ಚಳಿಗಾಲ ಮುಗಿಯುವಷ್ಟರಲ್ಲಿ ಕಾಸ್ಪರನಿಗೆ ಖಾತ್ರಿಯಾಗಿತ್ತು. ಚಿಕ್ಕ ಮಗ ಚೂರಿ ಕಂಡರೆ ವಾಂತಿ ಮಾಡುತ್ತಾನೆ, ಆದರೆ ಚರ್ಚಿನಲ್ಲಿ ಒಂದು ಸಲ ಕೇಳಿದ ಪ್ರವಚನವನ್ನು ಮನೆಯಲ್ಲಿ ಅಕ್ಷರ ಬಿಡದೆ ಒಪ್ಪಿಸುತ್ತಾನೆ. "ಕೊಯ್ಯೋಕೆ ಬರದ ಕೈ ಪುಸ್ತಕಾನಾದ್ರೂ ಹಿಡೀಲಿ" ಎಂದು ಲ್ಯಾಟಿನ್ ಶಾಲೆಗೆ ದಬ್ಬಿದ.

ಆ ಶಾಲೆಯೂ ಇನ್ನೊಂದು ಕಸಾಯಿಖಾನೆಯೇ. ಲ್ಯಾಟಿನ್ ಬಿಟ್ಟು ಮನೆಮಾತು ಆಡಿದವನ ಕುತ್ತಿಗೆಗೆ ಮರದ ಕತ್ತೆಯ ಗೊಂಬೆ ಕಟ್ಟುತ್ತಿದ್ದರು. ಸಂಜೆಯ ಗಂಟೆ ಹೊಡೆದಾಗ ಕತ್ತೆ ಯಾರ ಕೊರಳಲ್ಲಿದೆಯೋ ಅವನ ಬೆನ್ನಿಗೆ ಹನ್ನೆರಡು ಏಟು. ಹುಡುಗರು ಒಬ್ಬರ ಕಾಲು ಒಬ್ಬರು ತುಳಿದು, ಜಿಗುಟಿ, ಬಾಯಿಂದ ಮನೆಮಾತಿನ 'ಅಮ್ಮಾ' ಹೊರಡಿಸಿ, ಕತ್ತೆಯನ್ನು ದಾಟಿಸುತ್ತಿದ್ದರು. ಓಟ್ಮಾರ್ ಯಾರ ಕಾಲನ್ನೂ ತುಳಿಯಲಿಲ್ಲ. ಹಾಗಾಗಿ ಕತ್ತೆ ಅವನಲ್ಲೇ ಉಳಿಯಿತು. ಮೂರು ವರ್ಷದ ಏಟಿಗೆ ಅವನ ಬೆನ್ನು ಗಟ್ಟಿಯಾಯಿತು, ಲ್ಯಾಟಿನ್ ಮಾತ್ರ ನೀರು ಕುಡಿದಷ್ಟು ಸಲೀಸಾಯಿತು.

ಶಾಲೆಯ ಗೇಟಿನ ಹೊರಗೆ ಫೈಟ್ ಕಾಯುತ್ತಿದ್ದ. ತಮ್ಮನನ್ನು "ರಕ್ತದ ಸಾಸೇಜು" ಎಂದು ಕೂಗಿದ ವಕೀಲರ ಮಗನ ಕಿವಿಯನ್ನು ಹಲ್ಲಿನಿಂದ ಕಚ್ಚಿ ಅರ್ಧ ಹರಿದಿದ್ದ. ಅದಕ್ಕಾಗಿ ನಗರಸಭೆಯ ಅಂಗಳದಲ್ಲಿ ಚಾವಟಿ ತಿಂದು ಮನೆಗೆ ಬಂದವನು, ಬೋರಲಾಗಿ ಮಲಗಿ ನಕ್ಕಿದ್ದ.

"ಅಳಬೇಡ್ವೋ ಮಂಕೆ. ನೀನು ಓದು. ನಿನ್ನ ಪಾಲಿನ ಹಂದೀನೂ ನಾನೇ ಕೊಯ್ತೀನಿ."

ಫೈಟ್ ಆ ಮಾತು ಉಳಿಸಿಕೊಂಡ. ಓಟ್ಮಾರ್ ವಿಶ್ವವಿದ್ಯಾಲಯ ಸೇರಿ ವಿದ್ಯಾರ್ಥಿಯ ಟೋಪಿ ಹಾಕಿಕೊಂಡ ದಿನ ಅಣ್ಣ ಇಪ್ಪತ್ತೊಂದರ ಗೂಳಿ. ಇಡೀ ಹಂದಿಯನ್ನು ಒಬ್ಬನೇ ಕೆಡವಿ ಒಬ್ಬನೇ ಕೊಕ್ಕೆಗೆ ಏರಿಸುತ್ತಿದ್ದ.

ಹಾರ್ಟೆನೌ ಬೀದಿಗಳಲ್ಲಿ ನಡುಮಧ್ಯೆ ಒಬ್ಬರು ನಡೆಯುವಷ್ಟೇ ಅಗಲಕ್ಕೆ ಒಂದು ಸಾಲು ಕಲ್ಲು ಹಾಸಿದೆ. ಎರಡೂ ಕಡೆ ಕೆಸರು, ಲದ್ದಿ, ಚರಂಡಿ. ಆ ಕಲ್ಲಿನ ಮೇಲೆ ನಡೆಯುವ ಹಕ್ಕು ತಮ್ಮದು ಎಂದು ವಿದ್ಯಾರ್ಥಿಗಳು. ಎದುರು ಬಂದ ಊರಿನವನು ಕೆಸರಿಗೆ ಇಳಿಯಬೇಕು, ಇಳಿಯದಿದ್ದರೆ ಕೋಲು ಮಾತಾಡುತ್ತದೆ. ಊರಿನವರ ಕಟ್ಟಳೆಯೂ ಒಂದಿತ್ತು. ಹೆಗಲ ಮೇಲೆ ಹೊರೆ ಇದ್ದವನು ಕಲ್ಲು ಬಿಡಬೇಕಿಲ್ಲ, ರಾಜನೇ ಬಂದರೂ. ಎರಡೂ ಕಡೆಯವರಿಗೆ ತಮ್ಮದೇ ಕಾನೂನು, ಇನ್ನೊಬ್ಬರದು ಸೊಕ್ಕು. ಓಟ್ಮಾರ್ ಓದು ಮುಗಿಸುತ್ತಿದ್ದ ವರ್ಷದ ವಸಂತದಲ್ಲಿ ಒಬ್ಬ ಬಡಗಿಯ ಕಣ್ಣು ಹೋದದ್ದು ಈ ಕಲ್ಲಿನ ಮೇಲೆಯೇ. ಕೂನೋ ಫಾನ್ ಲೂಕ ಎಂಬ ಜಮೀನ್ದಾರರ ಮಗನ ಸೀಸದ ತುದಿಯ ಕೋಲಿನಿಂದ.

ಓಟ್ಮಾರ್ ಕೂತು ಕುಡಿಯುತ್ತಿದ್ದದ್ದು ಅದೇ ಕೂನೋನ ಮೇಜಿನಲ್ಲಿ. ಅವನ ಕರಾಳ ಮಾತು ಆ ಹುಡುಗರಿಗೆ ಹಿಡಿಸಿಬಿಟ್ಟಿತ್ತು. ಬಿಯರ್ ತರಿಸಿ, ಮೇಜಿನ ಮೇಲೆ ಹತ್ತಿಸುತ್ತಿದ್ದರು.

"ಹೇಳು ರೀಡೆಲ್, ಈ ಪ್ರಪಂಚ ಯಾಕಿದೆ?"

"ಯಾಕೂ ಇಲ್ಲ. ಇದೊಂದು ರಕ್ತದ ಬೋಗುಣಿ. ಹೆಪ್ಪುಗಟ್ಟಬಾರದು ಅಂತ ಯಾರೋ ಕಲಕ್ತಾನೇ ಇದ್ದಾರೆ. ಕೈ ನಿಲ್ಲಿಸಿದೋನಿಗೆ ಸೌಟಿನ ಏಟು. ನಿಲ್ಲಿಸದೋನಿಗೆ ಕೈ ನೋವು. ಅಷ್ಟೇ."

"ಮತ್ತೆ ಸುಖ?"

"ಹಂದಿಗೆ ಅಕ್ಟೋಬರ್‌ನಲ್ಲಿ ಜಾಸ್ತಿ ಮೇವು ಹಾಕ್ತಾರಲ್ಲ, ಅದು."

ಮೇಜು ಕುಟ್ಟಿ ನಗುತ್ತಿದ್ದರು. ಓಟ್ಮಾರನಿಗೆ ನಗು ಬರುತ್ತಿರಲಿಲ್ಲ, ಆದರೆ ಆ ಕುಟ್ಟುವ ಸದ್ದು ಮಾತ್ರ ಇಷ್ಟವಾಗತೊಡಗಿತ್ತು. ಇದನ್ನೇ ಹನ್ನೊಂದು ಸಿದ್ಧಾಂತಗಳಾಗಿ ಲ್ಯಾಟಿನ್‌ನಲ್ಲಿ ಬರೆದ. ಡಿಸೆಂಬರ್ ಕೊನೆಯಲ್ಲಿ ಅವುಗಳ ಮೇಲೆ ಸಾರ್ವಜನಿಕ ವಾದ. ಗೆದ್ದರೆ ಡಾಕ್ಟರ್ ಪದವಿ, ಪಾಠ ಹೇಳಲು ಒಂದು ಕೋಣೆ. ಇನ್ನೆಂದೂ ಆ ಹಿತ್ತಲಿಗೆ ಕಾಲಿಡಬೇಕಾಗಿಲ್ಲ. ಅವನು ಬದುಕಿನಲ್ಲಿ ಬೇಕೆಂದು ಬೇಡಿಕೊಂಡದ್ದು ಇದೊಂದನ್ನೇ.

ನವೆಂಬರ್ ಹನ್ನೊಂದು, ಮಾರ್ಟಿನ್ ಹಬ್ಬದ ಬೆಳಿಗ್ಗೆ. ಕಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿ ಗಾಜಾಗಿತ್ತು. ಕೂನೋ, ಅವನ ಹಿಂದೆ ಓಟ್ಮಾರ್, ಇನ್ನೂ ನಾಲ್ವರು ಸಾಲಾಗಿ ಬರುತ್ತಿದ್ದರು. ಕಟುಕರ ಬೀದಿಯ ತಿರುವಿನಲ್ಲಿ ಎದುರಾದವನು ಫೈಟ್. ಹೆಗಲ ಮೇಲೆ ಅರ್ಧ ಹಂದಿ. ಅವನು ತಮ್ಮನನ್ನು ನೋಡಿದ, ಬಾಯಿತುಂಬ ನಕ್ಕ, ಕಲ್ಲು ಬಿಡದೆ ಬಂದ. ಹೊರೆ ಇದೆ, ಮೇಲಾಗಿ ತಮ್ಮ ಇದ್ದಾನೆ. ಇವರೇ ಇಳಿಯುತ್ತಾರೆ ಎಂದುಕೊಂಡ.

ಕೂನೋ ನಿಂತ. "ರೀಡೆಲ್, ಇದು ನಿಮ್ಮನೆ ಸರಕಲ್ವಾ?"

"ನಮ್ಮಣ್ಣ."

"ಹಾಗಾದ್ರೆ ನೀನೇ ಇಳಿಸು. ಇಲ್ಲಾಂದ್ರೆ ನಾನು ಇಳಿಸ್ತೀನಿ." ಸೀಸದ ಕೋಲು ಕೈಯಿಂದ ಕೈಗೆ ದಾಟಿತು.

ಫೈಟ್ ನಗುತ್ತಲೇ ಇದ್ದ. "ದಾರಿ ಬಿಡ್ರಪ್ಪಾ ಪಂಡಿತ್ರೇ. ಭುಜ ಬಿದ್ದೋಗ್ತಿದೆ. ಓಟ್ಮಾರಾ, ಏನೋ ಈ ಹುಡುಗ್ರು ಕಂಬದ ಹಾಗೆ ನಿಂತಿದಾರೆ?"

ಓಟ್ಮಾರ್ ಮುಂದೆ ಬಂದ. ತಾನು ತಳ್ಳಿದರೆ ಮೆಲ್ಲಗೆ ತಳ್ಳಬಹುದು, ಕೂನೋ ಹೊಡೆದರೆ ತಲೆ ಒಡೆಯುತ್ತದೆ ಎಂದು ಲೆಕ್ಕ ಹಾಕಿದ. ಇದು ನಿಜ. ಇನ್ನೊಂದೂ ನಿಜ. ಅಣ್ಣನ ಆ ನಗು, ಆ ಏಪ್ರನ್ನು, ಕತ್ತಿನ ಮೇಲೆ ಒಣಗಿದ ರಕ್ತ, ಎಲ್ಲವೂ ಕೂನೋನ ಮುಂದೆ ಅವನಿಗೆ ಮೈ ಸುಡುವಷ್ಟು ನಾಚಿಕೆ ತಂದವು. ಎರಡೂ ಅಂಗೈ ಅಣ್ಣನ ಎದೆಗೆ ಊರಿ ತಳ್ಳಿದ. ಬೇಕಿದ್ದುದಕ್ಕಿಂತ ಜೋರಾಗಿಯೇ.

ಫೈಟ್‌ನ ಬೂಟು ಮಂಜಿನ ಮೇಲೆ ಜಾರಿತು. ಎಡಗಾಲು ಕಲ್ಲಿನ ಅಂಚಿಗೆ ಸಿಕ್ಕಿ ಅಡ್ಡ ತಿರುಗಿತು. ಅದರ ಮೇಲೆ ಅರ್ಧ ಹಂದಿ ಬಿತ್ತು. ಮೊಣಕಾಲು ಮುರಿದ ಸದ್ದು ಬೀದಿಯ ಕೊನೆಯವರೆಗೆ ಕೇಳಿಸಿತು. ಒಣ ಕಟ್ಟಿಗೆ ಮುರಿದ ಹಾಗೆ. ಎಲುಬಿನ ತುದಿ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು. ಫೈಟ್ ಕಿರುಚಲಿಲ್ಲ. ಚರಂಡಿಯಲ್ಲಿ ಬಿದ್ದವನು ಕತ್ತೆತ್ತಿ ತಮ್ಮನನ್ನೇ ನೋಡಿದ.

ಕೂನೋ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಸಲೀಸಾಗಿ ಮಾಡ್ಬಿಟ್ಟೆ ಕಣೋ!" ಎಂದ. ಕಲ್ಲಿನ ಮೇಲೆಯೇ ನಡೆದುಹೋದರು. ಓಟ್ಮಾರನೂ ಹೋದ.

ಬೀದಿಯವರು ಫೈಟ್‌ನನ್ನು ಬಾಗಿಲ ಹಲಗೆಯ ಮೇಲೆ ಮನೆಗೆ ಹೊತ್ತು ತಂದರು. ಅಪ್ಪ ಬಾಗಿ ಕೇಳಿದ, "ಯಾರು?"

"ಟೋಪಿಯವನು ಯಾರೋ. ಮುಖ ನೋಡ್ಲಿಲ್ಲ."

ಕಾಸ್ಪರನಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನದ ಗಂಟೆಗೆ ಹದಿನಾಲ್ಕು ಕಟುಕರು ಏಪ್ರನ್ನಿನಲ್ಲೇ ಹೊರಟರು. ಕೈಯಲ್ಲಿ ಕತ್ತಿ, ಎಲುಬು ಕಡಿಯುವ ಮಚ್ಚು, ಕೊಕ್ಕೆ ಹಾಕಿದ ಸರಪಳಿ. ವಿದ್ಯಾರ್ಥಿಗಳ ಹೆಂಡದಂಗಡಿಯ ಬಾಗಿಲು ಎರಡೇ ಏಟಿಗೆ ಬಿತ್ತು. ಒಳಗಿದ್ದವರು ಗೋಡೆಯ ಮೇಲಿನ ಕತ್ತಿಗಳನ್ನು ಎಳೆದುಕೊಂಡರು. ಬೆಂಚು, ಬಾಟಲಿ, ಉರಿಯುತ್ತಿದ್ದ ಕೊಳ್ಳಿ, ಸಿಕ್ಕಿದ್ದೆಲ್ಲ ಹಾರಿತು. ಕಾಸ್ಪರನ ಕೆಲಸದಾಳು ಬಾಲ್ಟ್ಸರ್ ಕತ್ತಿಯನ್ನು ಬರಿಗೈಯಲ್ಲಿ ಹಿಡಿದ. ಎರಡು ಬೆರಳು ನೆಲದ ಮೇಲೆ ಬಿದ್ದವು. ಇನ್ನೊಂದು ಕೈಯಿಂದಲೇ ಅವನು ಒಬ್ಬ ವಿದ್ಯಾರ್ಥಿಯ ದವಡೆ ಒಡೆದ. ಕೂನೋನ ಭುಜಕ್ಕೆ ಕೊಕ್ಕೆ ಹೊಕ್ಕಿತು. ಅವನನ್ನು ಮಾಂಸದ ತುಂಡಿನ ಹಾಗೆ ಅಂಗಡಿಯ ಉದ್ದಕ್ಕೂ ಎಳೆದರು. "ಯಾರೋ ತಳ್ಳಿದ್ದು? ಹೇಳೋ!" ಎಂದು ಕಾಸ್ಪರ್ ಗರ್ಜಿಸಿದ. ಕೂನೋ ರಕ್ತ ಉಗುಳಿದನೇ ಹೊರತು ಹೆಸರು ಹೇಳಲಿಲ್ಲ. ತಮ್ಮ ಮೇಜಿನವನನ್ನು ಬಿಟ್ಟುಕೊಡುವುದು ಅವರಲ್ಲಿಲ್ಲ.

ಓಟ್ಮಾರ್ ಮೇಲಿನ ಅಟ್ಟದ ಕಿಂಡಿಯಿಂದ ಇದೆಲ್ಲವನ್ನೂ ನೋಡಿದ. ಆರು ಜನ ಶಾಶ್ವತವಾಗಿ ಅಂಗಹೀನರಾದರು. ಕುದುರೆ ಪೊಲೀಸರು ಬಂದು ಬೀದಿ ಖಾಲಿ ಮಾಡಿಸಿದ ಮೇಲೆ, ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹನ್ನೆರಡನೆಯ ಸಿದ್ಧಾಂತ ಬರೆದ. "ನೋವನ್ನು ಕೊಡುವವನಿಲ್ಲ. ಕೈ ಬರೀ ಕೈ. ತಳ್ಳುವುದು ಲೋಕ."

ಬರೆದ ಮೇಲೆ ಆರು ವಾರ ಚೆನ್ನಾಗಿ ನಿದ್ದೆ ಮಾಡಿದ. ಅಣ್ಣನನ್ನು ನೋಡಲು ಒಂದು ಸಲವೂ ಹೋಗಲಿಲ್ಲ.

ಫೈಟ್‌ನ ಮೊಣಕಾಲು ಕೂಡಿಕೊಂಡದ್ದು ಸೊಟ್ಟಗೆ. ಹಂದಿ ಒದ್ದರೆ ತಡೆಯುವ ಕಾಲು ಅದಾಗಲಿಲ್ಲ. ಹಾಸಿಗೆಯಲ್ಲಿದ್ದವನಿಗೆ ಪಾದ್ರಿಗಳು ಹೊಸ ಸುದ್ದಿ ತಂದರು. ತಮ್ಮನ ಸಿದ್ಧಾಂತಗಳು ಅಚ್ಚಾಗಿ ಚರ್ಚಿನ ಬಾಗಿಲ ಮೇಲೂ ಅಂಟಿವೆ. ಫೈಟ್ ಅವರಿಂದ ಮನೆಮಾತಿನಲ್ಲಿ ಓದಿಸಿ ಕೇಳಿದ. ಹನ್ನೊಂದರವರೆಗೆ ತೂಕಡಿಸುತ್ತಿದ್ದ. ಹನ್ನೆರಡನೆಯದನ್ನು ಎರಡು ಸಲ ಓದಿಸಿದ. ಆಮೇಲೆ, "ಆ ವಾದದ ನಿಯಮಾನೂ ಒಂಚೂರು ಓದಿ ಹೇಳಿ ಸ್ವಾಮಿ" ಎಂದ.

ವಾದದ ದಿನ ಸಭಾಂಗಣ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಕಾಸ್ಪರ್, ಬಾಲ್ಟ್ಸರ್, ಇನ್ನೊಂದಿಷ್ಟು ಕಟುಕರು, ಭಾನುವಾರದ ಕೋಟು ಹಾಕಿಕೊಂಡು. ತುದಿಯಲ್ಲಿ ಊರುಗೋಲಿನ ಫೈಟ್. ಮುಂದೆ ಟೋಪಿಗಳ ಸಾಲು. ನಡುವೆ ಬಂದೋಬಸ್ತಿಗೆ ಇಬ್ಬರು ಪೊಲೀಸರು.

ಮೂವರು ಪಂಡಿತರು ಒಬ್ಬರಾದ ಮೇಲೊಬ್ಬರು ಎದ್ದು ಲ್ಯಾಟಿನ್‌ನಲ್ಲಿ ಆಕ್ಷೇಪಿಸಿದರು. ಓಟ್ಮಾರ್ ಮೂವರನ್ನೂ ಕೆಡವಿದ. ಮಾತಾಡುವಾಗ ಅವನ ಬಲಗೈ ಎದುರಿನ ಹಲಗೆಯ ಮೇಲೆ ಸುತ್ತುತ್ತಲೇ ಇತ್ತು, ಏನನ್ನೋ ಕಲಕುವ ಹಾಗೆ.

"ಏನಂದ?" ಕಾಸ್ಪರ್ ಕೇಳಿದ.

"ನನಗೇನು ಗೊತ್ತು ಯಜಮಾನ್ರೇ" ಎಂದ ಬಾಲ್ಟ್ಸರ್. "ಎದುರಿನೋನು ಬೆವರ್ತಿದ್ದಾನೆ. ನಮ್ಮೋನೇ ಗೆಲ್ತಿರ್ಬೇಕು."

ಡೀನ್ ಹೈಂಟ್ಸೆ ಅವರಿಗೆ ಊಟದ ಹೊತ್ತಾಗಿತ್ತು. ಪದ್ಧತಿಯಂತೆ ಕೇಳಿದರು, ಹಾಜರಿರುವವರಲ್ಲಿ ಇನ್ನಾರಿಗಾದರೂ ಆಕ್ಷೇಪವಿದೆಯೇ ಎಂದು. ನೂರು ವರ್ಷದಲ್ಲಿ ಆ ಪ್ರಶ್ನೆಗೆ ಯಾರೂ ಎದ್ದಿರಲಿಲ್ಲ.

ಊರುಗೋಲು ನೆಲಕ್ಕೆ ತಾಗಿತು. "ನಂದೊಂದಿದೆ."

ಟೋಪಿಗಳು ಗೊಳ್ಳೆಂದವು. "ಸಾಸೇಜು ಮಾರೋನು ಬಾಗಿಲು ತಪ್ಪಿ ಬಂದ!"

"ಆಕ್ಷೇಪಣೆ ಲ್ಯಾಟಿನ್‌ನಲ್ಲಿರಬೇಕಪ್ಪ" ಎಂದರು ಡೀನ್.

"ನಿಯಮದಲ್ಲಿ ಹಾಗಿದೆಯಾ ಸ್ವಾಮಿ? ಹಾಜರಿದ್ದ ಯಾರು ಬೇಕಾದ್ರೂ ಅಂತಷ್ಟೇ ಇದೆಯಂತಲ್ಲ."

ಡೀನ್ ಪುಸ್ತಕ ತರಿಸಿದರು. ಹಾಳೆ ತಿರುವಿದರು, ಮತ್ತೆ ತಿರುವಿದರು. ಹಾಗೆಯೇ ಇತ್ತು. ಲ್ಯಾಟಿನ್ ಬಾರದವನು ಈ ಬಾಗಿಲು ದಾಟಿ ಬಂದಾನು ಎಂಬುದೇ ನಿಯಮ ಬರೆದವರಿಗೆ ಹೊಳೆದಿರಲಿಲ್ಲ. "ಕೇಳು, ಬೇಗ ಕೇಳು" ಎಂದು ಕನ್ನಡಕ ತೆಗೆದಿಟ್ಟರು.

ಫೈಟ್ ತಮ್ಮನನ್ನು ನೋಡಿದ. "ಹನ್ನೆರಡನೇದು. ನೋವು ಕೊಡೋನು ಅಂತ ಯಾರೂ ಇಲ್ಲ. ಕೈ ಬರೀ ಕೈ, ತಳ್ಳೋದು ಲೋಕ. ಹಾಗೇ ತಾನೇ ಬರೆದಿರೋದು?"

"ಹೌದು" ಎಂದ ಓಟ್ಮಾರ್.

"ಸರಿ. ನಮ್ಮ ಬೀದಿ ತಿರುವಿನಲ್ಲಿ, ಮಾರ್ಟಿನ್ ಹಬ್ಬದ ಬೆಳಿಗ್ಗೆ, ನನ್ನ ಎದೆ ಮೇಲೆ ಕೈಯಿಟ್ಟು ತಳ್ಳಿದ್ದು ಯಾರು? ಲೋಕಾನಾ?"

ಓಟ್ಮಾರನ ಬಳಿ ಉತ್ತರ ಸಿದ್ಧವಿತ್ತು. ಲ್ಯಾಟಿನ್‌ನಲ್ಲಿ, ಚೊಕ್ಕವಾಗಿ, ನಾಲ್ಕು ಸಾಲಿನಲ್ಲಿ. ಆರು ವಾರದಿಂದ ಅದನ್ನೇ ಉಜ್ಜಿ ಹೊಳಪು ಕೊಟ್ಟಿದ್ದ. ಹೇಳಿದರೆ ಪದವಿ, ಕೋಣೆ, ಟೋಪಿಗಳ ಮೇಜು ಕುಟ್ಟುವ ಸದ್ದು. ಮೊದಲ ಸಾಲಿನಿಂದ ಕೂನೋ ಪಿಸುಗುಟ್ಟಿದ, "ಲೋಕ ಅನ್ನೋ ಮಾರಾಯ! ಲೋಕ ಅಂದ್ಬಿಡು! ನಿನಗೋಸ್ಕರ ಹೆಗಲು ಹರಿಸ್ಕೊಂಡಿದೀನಿ."

ಹಲಗೆಯ ಮೇಲೆ ಸುತ್ತುತ್ತಿದ್ದ ಕೈ ನಿಂತಿತು.

"ನಾನು."

"ಲ್ಯಾಟಿನ್‌ನಲ್ಲಿ!" ಎಂದರು ಡೀನ್, ಅಭ್ಯಾಸಬಲದಿಂದ.

"ಎಗೋ" ಎಂದ ಓಟ್ಮಾರ್. ಆಮೇಲೆ ಹಿಂದಿನ ಬೆಂಚಿಗೆ ಕೇಳುವ ಹಾಗೆ ಮನೆಮಾತಿನಲ್ಲೇ, "ನಾನೇ ತಳ್ಳಿದ್ದು. ಬೇಕಂತಲೇ ಜೋರಾಗಿ ತಳ್ಳಿದೆ. ಹನ್ನೆರಡನೇದು ಸುಳ್ಳು."

ಟೋಪಿಗಳು ಬೂಟುಗಳನ್ನು ನೆಲಕ್ಕೆ ಉಜ್ಜತೊಡಗಿದವು. ಛೀಮಾರಿ ಹಾಕುವ ರೀತಿ ಅದು. ನೂರು ಜೊತೆ ಬೂಟಿನ ಕರಕರ ಸದ್ದಿನಲ್ಲಿ ಡೀನ್ ಏನೋ ಬರೆದುಕೊಂಡು, ಅಭ್ಯರ್ಥಿ ಉತ್ತರಿಸಲಾರದೆ ಸೋತ ಎಂದು ಸಾರಿ, ಎದ್ದುಹೋದರು.

ಬಾಲ್ಟ್ಸರ್ ತನ್ನ ಮೂರು ಬೆರಳಿನ ಕೈಯನ್ನು ನೋಡಿಕೊಂಡು ಕೂತ. ಕಾಸ್ಪರ್ ಮಾತ್ರ ಎದ್ದ. ಪೊಲೀಸರನ್ನು ಬಾಗಿಲ ಪರದೆಯ ಹಾಗೆ ಸರಿಸಿ, ವೇದಿಕೆ ಹತ್ತಿ, ಮುಷ್ಟಿಯಿಂದ ಮಗನ ಬಾಯಿಗೆ ಹೊಡೆದ. ಸೌಟು ಬಿದ್ದಿದ್ದ ಜಾಗದ ಪಕ್ಕದ ಹಲ್ಲು ಹೋಯಿತು. ಎರಡನೆಯ ಏಟಿಗೆ ಮೂಗು ಮುರಿಯಿತು. ಮೂರನೆಯದಕ್ಕೆ ಓಟ್ಮಾರ್ ನೆಲಕ್ಕೆ ಬಿದ್ದ. ಅಪ್ಪ ಏದುಸಿರು ಬಿಡುತ್ತ ಅವನ ಮೇಲೆ ನಿಂತ.

"ಎದ್ದೇಳು. ನಾಳೆ ಎರಡು ಹಂದಿ ಇದೆ."

ಹೊರಗೆ ಮೆಟ್ಟಿಲ ಮೇಲೆ ಕೂನೋ ಕಾಯುತ್ತಿದ್ದ. ಕೈಯಲ್ಲಿ ಕುದುರೆಯ ಚಾವಟಿ. "ನಿನ್ನ ಮೇಲೆ ಕತ್ತಿ ಎತ್ತೋಕೂ ನೀನು ಯೋಗ್ಯನಲ್ಲ, ಕಟುಕ" ಎಂದು ಮುಖದ ಮೇಲೆ ಅಡ್ಡಕ್ಕೆ ಬಾರಿಸಿದ. ಕೆನ್ನೆ ಕಿವಿಯಿಂದ ತುಟಿಯವರೆಗೆ ಸೀಳಿತು. ಹಿಂದೆ ಬರುತ್ತಿದ್ದ ಕಟುಕರಲ್ಲಿ ಒಬ್ಬನೂ ಅಡ್ಡ ಬರಲಿಲ್ಲ. ಬಾಲ್ಟ್ಸರ್ ಪಕ್ಕದಲ್ಲೇ ನಿಂತು ನೋಡಿ, "ಇದರಲ್ಲಿ ಅರ್ಧ ನನ್ನ ಕಡೆಯಿಂದ ಅಂತ ಇಟ್ಕೊ" ಎಂದು ಮುಂದೆ ನಡೆದ. ಆ ಊರಿನ ಓದಿದ ಗಂಡಸರು ದ್ವಂದ್ವಯುದ್ಧದ ಕತ್ತಿಯ ಗಾಯವನ್ನು ಕೆನ್ನೆಯ ಮೇಲೆ ಪದಕದಂತೆ ಹೊತ್ತು ತಿರುಗುತ್ತಾರೆ. ಓಟ್ಮಾರನ ಗಾಯ ಚಾವಟಿಯದು ಎಂದು ನೋಡಿದ ಯಾರಿಗೂ ತಿಳಿಯುತ್ತಿತ್ತು.

ಮರುದಿನದ ಮೊದಲ ಹಂದಿಯನ್ನು ಅವನು ಹಾಳು ಮಾಡಿದ. ಕೊಡಲಿ ಹಣೆ ಬಿಟ್ಟು ಮೂತಿಗೆ ಬಿತ್ತು. ಹಂದಿ ಕಿರುಚುತ್ತ ಅಂಗಳವೆಲ್ಲ ರಕ್ತ ಮಾಡಿ, ಅವನ ತೊಡೆ ಕಚ್ಚಿ ಹರಿಯಿತು. ಫೈಟ್ ಮುಕ್ಕಾಲಿಯ ಮೇಲೆ ಬೋಗುಣಿ ಹಿಡಿದು ಕೂತಲ್ಲಿಂದಲೇ ಕೂಗುತ್ತಿದ್ದ. "ಕಣ್ಣು ಮುಚ್ಚಬೇಡ್ವೋ ದರಿದ್ರವೇ! ಕಣ್ಣು ಮುಚ್ಚಿದ್ರೆ ಅದಕ್ಕೇ ಕಷ್ಟ! ಎರಡು ಕಣ್ಣಿನ ನಡುವೆ, ಒಂದು ಬೆರಳು ಮೇಲೆ. ಹೊಡಿ!" ಐದನೆಯ ಏಟಿಗೆ ಅದು ಸತ್ತಿತು. ಓಟ್ಮಾರ್ ಅದರ ಪಕ್ಕದಲ್ಲೇ ವಾಂತಿ ಮಾಡಿ, ಬಾಯೊರೆಸಿಕೊಂಡು, ಎರಡನೆಯದನ್ನು ತರಲು ಹೋದ.

ಹೀಗೆ ಮೂವತ್ತೊಂದು ವರ್ಷ. ಅಪ್ಪ ಸತ್ತ, ಬಾಲ್ಟ್ಸರ್ ಬೇರೆ ಅಂಗಡಿ ಇಟ್ಟ. ಕಟುಕರ ಬೀದಿಯವರು ಓಟ್ಮಾರನನ್ನು 'ಡಾಕ್ಟರು' ಎಂದೇ ಕರೆದರು, ಆಡಿಕೊಳ್ಳಲು. ಆಮೇಲಾಮೇಲೆ ಅದು ಬರೀ ಹೆಸರಾಯಿತು. ಅವನ ಏಟಿಗೆ ಹಂದಿಗೆ ಎಚ್ಚರ ಉಳಿದದ್ದನ್ನು ಮತ್ತೆ ಯಾರೂ ಕಾಣಲಿಲ್ಲ. ಬೋಗುಣಿಯ ಬಳಿ ಮಕ್ಕಳನ್ನು ಕೂರಿಸಲು ಅವನು ಬಿಡಲಿಲ್ಲ. ಅದು ಫೈಟ್‌ನದೇ ಜಾಗ.

ಅವನ ಅಭಿಪ್ರಾಯಗಳೇನೂ ಬದಲಾಗಲಿಲ್ಲ. ಮಗು ಹುಟ್ಟಿತೆಂದು ಸಿಹಿ ಕೊಡಲು ಬಂದ ರೊಟ್ಟಿಯಂಗಡಿಯವಳಿಗೆ, "ಪಾಪ, ಹುಟ್ಟಬೇಕಾ ಅಂತ ಅದನ್ನ ಯಾರೂ ಕೇಳ್ಲೇ ಇಲ್ಲ ನೋಡಿ" ಎಂದು ಬೈಸಿಕೊಂಡ. ಹನ್ನೊಂದು ಸಿದ್ಧಾಂತಗಳನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದ. ಹನ್ನೆರಡನೆಯದಿದ್ದ ಕೆಳಭಾಗವನ್ನು ಚೂರಿಯಿಂದ ಕತ್ತರಿಸಿದ್ದ.

ಒಂದು ಚಳಿಗಾಲ, ಅದೇ ತಿರುವಿನಲ್ಲಿ, ಹೆಗಲ ಮೇಲೆ ಅರ್ಧ ಹಂದಿ ಹೊತ್ತು ಬರುತ್ತಿದ್ದಾಗ ಹೊಸ ಟೋಪಿಯ ಹುಡುಗನೊಬ್ಬ ಎದುರು ನಿಂತು ಕೋಲೆತ್ತಿದ. ಓಟ್ಮಾರ್ ನಿಲ್ಲಲಿಲ್ಲ. ಹಂದಿಯ ತೊಡೆಯಿಂದಲೇ ಗುದ್ದಿ ಅವನನ್ನು ಚರಂಡಿಗೆ ಕೆಡವಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಹುಡುಗನ ಮಣಿಕಟ್ಟು ಮುರಿದಿತ್ತು.

"ನಾನೇ ಕೆಡವಿದ್ದು" ಎಂದ. "ರೀಡೆಲ್. ಕಟುಕರ ಬೀದಿ, ಮೂರನೇ ಮನೆ. ಪೊಲೀಸ್ರಿಗೆ ಹೇಳೋವಾಗ ಸರಿಯಾಗಿ ಹೇಳು."

ಎರಡು ವಾರ ಜೈಲಿನಲ್ಲಿದ್ದು ಬಂದ.

ಅಣ್ಣತಮ್ಮಂದಿರು ದಿನವಿಡೀ ಜಗಳವಾಡುತ್ತಿದ್ದರು. ಉಪ್ಪಿಗೆ, ಹೊಗೆಗೆ, ಕರುಳು ತೊಳೆದದ್ದಕ್ಕೆ. ಕ್ಷಮಿಸಿದೆ ಎಂದು ಫೈಟ್ ಯಾವತ್ತೂ ಹೇಳಲಿಲ್ಲ, ಓಟ್ಮಾರ್ ಕೇಳಲೂ ಇಲ್ಲ. ಆದರೆ ಪ್ರತಿ ನವೆಂಬರ್, ಪ್ರತಿ ಹಂದಿಗೆ, ಕೊಡಲಿ ಬಿದ್ದು, ಚೂರಿ ಇಳಿದು, ರಕ್ತ ಬೋಗುಣಿಗೆ ಹಾರುತ್ತಿದ್ದಂತೆ, ಸೊಟ್ಟ ಕಾಲು ಚಾಚಿ ಕೂತ ಫೈಟ್ ಮೊಣಕೈವರೆಗೆ ಕೈಯಿಳಿಸಿ ಕೇಳುತ್ತಿದ್ದ.

"ಯಾರು ಹೊಡೆದದ್ದು, ಡಾಕ್ಟ್ರೇ?"

"ನಾನು."

"ಕೇಳಿಸ್ಲಿಲ್ಲ."

"ನಾನು ಕಣೋ ಅಣ್ಣ, ನಾನು! ಕಲಕು, ನಿಲ್ಲಿಸಬೇಡ."